ಸಂಬಳವೂ ಬೇಡ, ಮುಯ್ಯಿಯೂ ಬೇಡ

ನಮ್ಮ ಶಾಲೆಯ ಅಡುಗೆಮನೆಯಲ್ಲಿ ಅನ್ನದ ಜವಾಬ್ದಾರಿ ಎಂಗ್ರಾಸಿಯಾ ಅಕ್ಕನದು. ನಾನು ಅಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಅವರಿಗೆ ಹದಿನೈದು ವರ್ಷ ಸರ್ವೀಸ್ ಆಗಿತ್ತು. ಮುನ್ನೂರು ಮಕ್ಕಳಿಗೆ ಎಷ್ಟು ಅಕ್ಕಿ ಬೇಕು ಎಂದು ಅವರು ಅಳೆದಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಮೂಟೆ ಬಿಚ್ಚಿ ಪಾತ್ರೆಗೆ ಸುರಿಯುತ್ತ ಸುರಿಯುತ್ತ ಒಂದು ಕಡೆ ಕೈ ನಿಲ್ಲಿಸುತ್ತಿದ್ದರು, ಅಷ್ಟೇ. ಅನ್ನ ಮಿಕ್ಕಿದ್ದೂ ಇಲ್ಲ, ಸಾಲದೇ ಬಂದಿದ್ದೂ ಇಲ್ಲ. ಹಬ್ಬದ ಹಿಂದಿನ ದಿನ ಬಣ್ಣ ಬಿಡುವ ಕೆಂಪು ಬೀಜ ನೆನೆಸಿಟ್ಟು, ಆ ನೀರಿನಲ್ಲಿ ಕೆಂಪು ಅನ್ನ ಮಾಡುತ್ತಿದ್ದರು. ಮಕ್ಕಳು ಅವತ್ತು ಎರಡೆರಡು ಸಲ ಸಾಲಿನಲ್ಲಿ ನಿಲ್ಲುತ್ತಿದ್ದವು. ಅಕ್ಕನಿಗೆ ಮುಖ ಗೊತ್ತಾಗುತ್ತಿತ್ತು, ಆದರೂ ಬಡಿಸುತ್ತಿದ್ದರು.

ಕುಳ್ಳಗಿನ ಹೆಂಗಸು. ಅಗಲ ಮುಖ, ಎಲೆಯಡಿಕೆ ಹಾಕಿ ಹಾಕಿ ಕೆಂಪಾದ ತುಟಿ. ಗಂಡ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಆದರೆ ತಂಗಿ ಸೊಲೆದಾದ್ ಹೋಟೆಲಿನಲ್ಲಿ ಎರಡೆರಡು ಪಾಳಿ ದುಡಿಯುತ್ತಿದ್ದ ಕಾಲದಲ್ಲಿ ಅವಳ ಒಬ್ಬನೇ ಮಗ ಸೇತೊ ಬೆಳೆದದ್ದು ಅಕ್ಕನ ಮನೆಯಲ್ಲೇ. ಅವನಿಗೆ ಹಲ್ಲು ಬಂದದ್ದು, ಸೈಕಲ್ ಕಲಿತದ್ದು, ಮೊದಲ ಸಲ ಕುಡಿದು ಬಂದು ಅಂಗಳದಲ್ಲಿ ಬಿದ್ದದ್ದು, ಎಲ್ಲವನ್ನೂ ಕಂಡವರು ಈ ದೊಡ್ಡಮ್ಮ.

ಅಡುಗೆಮನೆಯ ಕೆಲಸ ಮುಗಿದ ಮೇಲೆ ಅಕ್ಕನಿಗೆ ಇನ್ನೊಂದು ಕೆಲಸವಿತ್ತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಒಂಬತ್ತು ಸಂಜೆ ಆ ಮನೆಯಲ್ಲಿ ಜಪಸರದ ಪ್ರಾರ್ಥನೆ ನಡೆಯಬೇಕು. ಅದನ್ನು ನಡೆಸಿಕೊಡುವ ಹೆಂಗಸನ್ನು ತೇಚಾ ಎನ್ನುತ್ತೇವೆ. ನಮ್ಮ ಚಮೊರೊ ಭಾಷೆಯ ಹಳೆಯ ಪ್ರಾರ್ಥನೆಗಳನ್ನು ಪುಸ್ತಕ ನೋಡದೆ ಹೇಳುವ ತೇಚಾಗಳು ಊರಲ್ಲಿ ಉಳಿದದ್ದು ಮೂವರು. ಆ ಮೂವರಲ್ಲಿ ಜನ ಮೊದಲು ಬಾಗಿಲು ತಟ್ಟುತ್ತಿದ್ದದ್ದು ಎಂಗ್ರಾಸಿಯಾ ಅಕ್ಕನದು. ಅವರ ದನಿ ದೊಡ್ಡದಲ್ಲ. ಹಿಂದಿನ ಸಾಲಿನಲ್ಲಿ ಕೂತವರಿಗೂ ತಮ್ಮ ಪಕ್ಕದಲ್ಲೇ ಕೂತು ಹೇಳುತ್ತಿದ್ದಾರೆ ಅನ್ನಿಸುವಂಥ ದನಿ.

ಪೆಸಿಫಿಕ್ ಸಾಗರದ ನಮ್ಮ ಈ ಮರಿಯಾನಾ ದ್ವೀಪಗಳಲ್ಲಿ ರಾಜಕೀಯ ಅಂದರೆ ನೆಂಟಸ್ತಿಕೆ. ಸೇತೊ ಟೆಲಿಫೋನ್ ಕಂಪನಿಯಲ್ಲಿ ಲೈನ್‌ಮನ್ ಆಗಿದ್ದವನು ಶಾಸನಸಭೆಗೆ ನಿಂತಾಗ ಅಕ್ಕ ಭಾಷಣ ಕೇಳಲಿಲ್ಲ, ಪಕ್ಷ ಯಾವುದೆಂದು ವಿಚಾರಿಸಲಿಲ್ಲ. ಎರಡು ತಿಂಗಳು ಪ್ರತಿ ಶನಿವಾರ ಅವನ ಪ್ರಚಾರದ ಚಪ್ಪರದ ಕೆಳಗೆ ಅನ್ನ ಮಾಡಿದರು. ಇನ್ನೂರ ಹನ್ನೆರಡು ಓಟಿನಿಂದ ಗೆದ್ದ. ಗೆದ್ದ ಸಂಜೆ ಅವನು ಎಲ್ಲರಿಗಿಂತ ಮೊದಲು ಬಂದು ಬಗ್ಗಿ, ನಮ್ಮಲ್ಲಿ ಹಿರಿಯರಿಗೆ ನಮಸ್ಕರಿಸುವ ಹಾಗೆ ಅಕ್ಕನ ಕೈ ಹಿಡಿದು ಮೂಗಿಗೆ ಒತ್ತಿಕೊಂಡ. "ಶಾಸಕರೇ, ಕೈ ತೊಳ್ಕೊಂಡಿಲ್ಲ ನಾನು, ಈರುಳ್ಳಿ ವಾಸನೆ" ಅಂದರು ಅಕ್ಕ.

ಅವನು ಗೆದ್ದ ಮುಂದಿನ ವರ್ಷವೇ ಆಗಸ್ಟಿನಲ್ಲಿ ದೊಡ್ಡ ಚಂಡಮಾರುತ ಬಂತು. ಅದರ ಹಿಂದೆಯೇ ಜಪಾನಿನಿಂದ ಬರುವ ಪ್ರವಾಸಿಗರು ಕಡಿಮೆಯಾದರು, ಅರ್ಧ ಹೋಟೆಲುಗಳ ಕಿಟಕಿ ಕತ್ತಲಾಯಿತು. ಖಜಾನೆಯಲ್ಲಿ ದುಡ್ಡಿಲ್ಲವೆಂದು ಅಕ್ಟೋಬರಿನಲ್ಲಿ ಗವರ್ನರ್ ಆದೇಶ ಹೊರಡಿಸಿದರು: ಸರ್ಕಾರಿ ಕೆಲಸದವರಿಗೆಲ್ಲ ಇನ್ನು ವಾರಕ್ಕೆ ನಾಲ್ಕೇ ದಿನ ಕೆಲಸ, ನಾಲ್ಕೇ ದಿನದ ಸಂಬಳ. ಶುಕ್ರವಾರ ಶಾಲೆಗೆ ಬೀಗ. ಊರಿನ ಆರೋಗ್ಯ ಕೇಂದ್ರಕ್ಕೂ ಬೀಗ. ನಾವು ಯಾರೂ ದೊಡ್ಡದಾಗಿ ಗೊಣಗಲಿಲ್ಲ. ಚಂಡಮಾರುತ ಎಲ್ಲರ ಕಣ್ಣಮುಂದೆಯೇ ಬಂದುಹೋಗಿತ್ತಲ್ಲ. ಶುಕ್ರವಾರ ಅಕ್ಕ ತಮ್ಮ ಹಿತ್ತಲಿನಲ್ಲಿ ಗೆಣಸು ಹಾಕಿದರು, ನನಗೂ ಬಳ್ಳಿ ಕೊಟ್ಟರು.

ಡಿಸೆಂಬರಿನಲ್ಲಿ, ದೇವಮಾತೆಯ ಹಬ್ಬದ ಹಿಂದಿನ ದಿನ, ಇಡೀ ದ್ವೀಪ ಹಬ್ಬದ ಅಡುಗೆಯಲ್ಲಿ ಮುಳುಗಿದ್ದಾಗ ಶಾಸನಸಭೆ ಸೇರಿತು. ಹನ್ನೊಂದು ನಿಮಿಷದಲ್ಲಿ ಶಾಸಕರ ಸಂಬಳ ಏರಿಸುವ ಮಸೂದೆ ಪಾಸಾಯಿತು. ಅಡುಗೆಮನೆಯ ರೇಡಿಯೋದಲ್ಲಿ ಸುದ್ದಿ ಬಂದಾಗ ಅಕ್ಕ ಈರುಳ್ಳಿ ಹೆಚ್ಚುತ್ತಿದ್ದರು.

"ದೀತಾ, ಎಷ್ಟು ಜನ ಕೈ ಎತ್ತಿದ್ರಂತೆ?" ಎಂದು ನನ್ನನ್ನು ಕೇಳಿದರು.

"ಹದಿನೈದರಲ್ಲಿ ಹನ್ನೆರಡು ಜನ, ಅಕ್ಕ."

"ಸೇತೊ?"

ನಾನು ಒಲೆ ಕಡೆ ತಿರುಗಿಕೊಂಡು ಹೇಳಿದೆ. "ಎತ್ತಿದ್ನಂತೆ."

ಅಕ್ಕ ಈರುಳ್ಳಿ ಮುಗಿಸಿದರು, ಮೆಣಸಿನಕಾಯಿ ಮುಗಿಸಿದರು, ನಿಂಬೆ ಹಿಂಡಿದರು. ಏಪ್ರನ್ ಬಿಚ್ಚುವಾಗ ಮಾತ್ರ ಅಂದರು: "ಹಬ್ಬ ಮುಗೀಲಿ. ಭಾನುವಾರ ಕೇಳ್ತೀನಿ ಅವನನ್ನ."

ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಸೊಲೆದಾದಳ ಮನೆಯಲ್ಲಿ ಊಟ. ಅಕ್ಕನನ್ನು ಕಾರಿನಲ್ಲಿ ಕರೆದುಕೊಂಡು ಹೋಗುವವಳು ನಾನೇ ಆದ್ದರಿಂದ ನನಗೂ ತಟ್ಟೆ ಇಟ್ಟರು. ನಿಂಬೆರಸದಲ್ಲಿ ಕಲಸಿದ ಕೋಳಿ, ಕೆಂಪು ಅನ್ನ, ಸುಟ್ಟ ಮೀನು. ಸೇತೊ ದೊಡ್ಡಮ್ಮನ ಮುಖ ನೋಡಿಯೇ ನಕ್ಕ.

"ದೊಡ್ಡಮ್ಮ, ಹೊಟ್ಟೆ ತುಂಬ ತಿಂದ್ಮೇಲೆ ಬೈಯಿ. ಖಾಲಿ ಹೊಟ್ಟೇಲಿ ಬೈಸ್ಕೊಂಡ್ರೆ ನಂಗೆ ಉರಿ ಬರುತ್ತೆ."

"ತಿಂತಾನೇ ಹೇಳು. ಯಾಕೆ ಎತ್ತಿದೆ ಕೈ?"

"ಹದಿನೇಳು ವರ್ಷದಿಂದ ಶಾಸಕರ ಸಂಬಳ ಏರಿಲ್ಲ. ಅದಕ್ಕೆ."

"ನನ್ನದು ಏರೋದಿರ್ಲಿ, ಐದರಲ್ಲಿ ಒಂದು ಭಾಗ ಇಳೀತು. ಅದು ನಿಂಗೆ ಗೊತ್ತಿಲ್ವಾ?"

"ಗೊತ್ತು. ನಾಲ್ಕು ದಿನದ ವಾರ ಗವರ್ನರ್ ತಂದಿದ್ದು, ನಾವಲ್ಲ."

"ಖಜಾನೆ ಒಂದೇ ತಾನೆ ಮಗಾ? ನಮಗೆ ಬಾಗಿಲು ಹಾಕಿದೆ, ನಿಮಗೆ ಕಿಟಕಿ ತೆಗೆದಿದೆ."

ಸೇತೊ ತಟ್ಟೆ ಪಕ್ಕಕ್ಕೆ ಸರಿಸಿದ. ಅವನು ಸಿಟ್ಟಾಗಲಿಲ್ಲ. ಇದನ್ನು ಯಾರಿಗಾದರೂ ಹೇಳಿಬಿಡಬೇಕು ಎಂದು ಕಾಯುತ್ತಿದ್ದವನ ಹಾಗೆ ಮಾತಾಡಿದ.

"ಹೋದ ತಿಂಗಳು ನಾನು ಎಷ್ಟು ಸಾವಿನ ಮನೆಗೆ ಹೋದೆ ಗೊತ್ತಾ? ಇಪ್ಪತ್ತೊಂದು. ಎಂಟು ಮದುವೆ. ನಾಮಕರಣ ಬೇರೆ. ಎಲ್ಲ ಕಡೆನೂ ಕವರ್. ಐವತ್ತು ಡಾಲರ್‌ಗಿಂತ ಕಮ್ಮಿ ಇದ್ರೆ ಬೆನ್ನ ಹಿಂದೆ ಏನಂತಾರೆ ಅಂತ ನಿಂಗೇ ಗೊತ್ತು. ಆ ಮನೆಗಳಲ್ಲಿ ಕೂತು ಪ್ರಾರ್ಥನೆ ಹೇಳೋಳು ನೀನೇ. ಲೈನ್‌ಮನ್ ಆಗಿದ್ದಾಗ ನಾನು ಹತ್ತು ಡಾಲರ್ ಕೊಟ್ರೂ ಒಳ್ಳೆ ಹುಡುಗ ಅಂತಿದ್ರು. ಈಗ ನನ್ನ ಹೆಂಡತಿ ಕೇಳ್ತಾಳೆ, ನೀನು ಗೆದ್ದಿದ್ದೋ ಸೋತಿದ್ದೋ ಅಂತ."

"ಅದು ಬೇರೆ ಮಾತು" ಅಂದರು ಅಕ್ಕ.

"ಅದೇ ಮಾತು, ದೊಡ್ಡಮ್ಮ. ಸಂಬಳ ಏರದೇ ಇದ್ರೆ ಮುಂದಿನ ಸಲ ಹೋಟೆಲ್ ಮಾಲೀಕರು ಮಾತ್ರ ನಿಲ್ತಾರೆ. ಅವರ ಕವರ್ ದಪ್ಪ ಇರುತ್ತೆ."

ಅಕ್ಕ ಮೀನಿನ ಮುಳ್ಳು ಬಿಡಿಸಿದರು. ಆಮೇಲೆ ಹೇಳಿದರು: "ಏರಿಕೆ ರದ್ದು ಮಾಡ್ಬೇಕು ಅಂತ ಯಾರೋ ಒಬ್ರು ಮಸೂದೆ ತಂದಿದಾರಂತೆ. ಜನವರೀಲಿ ಸಾರ್ವಜನಿಕರ ಅಹವಾಲು ಕೇಳ್ತಾರೆ. ನಾನು ಹೋಗಿ ಮಾತಾಡ್ತೀನಿ. ಬೇರೆಯವರ ಬಾಯಿಂದ ಕೇಳೋಕ್ಮುಂಚೆ ನಾನೇ ನಿಂಗೆ ಹೇಳ್ಬೇಕು ಅನ್ನಿಸ್ತು."

ಸೊಲೆದಾದ್ ಬಡಿಸುವ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ನನ್ನ ಮಗನ ವಿರುದ್ಧವಾ?"

"ಸಂಬಳದ ವಿರುದ್ಧ."

"ಅಕ್ಕಾ, ಅದನ್ನ ಜನ ಹೇಗೆ ಕೇಳಿಸ್ಕೊಳ್ತಾರೆ ಅಂತ ನಿಂಗೆ ಗೊತ್ತು."

ಅಹವಾಲಿನ ದಿನ ಶುಕ್ರವಾರ ಬಿತ್ತು. ಊರಿಂದ ಒಂದು ವ್ಯಾನ್ ತುಂಬ ಜನ ಹೊರಟೆವು. ಬಾಗಿಲಲ್ಲಿ ಹೆಸರು ಬರೆಸಬೇಕು, ಒಬ್ಬರಿಗೆ ಮೂರು ನಿಮಿಷ. ಅಕ್ಕ ಹೂವಿನ ಚಿತ್ತಾರದ ಗೌನು ಹಾಕಿ, ಕೂದಲು ಎತ್ತಿ ಕಟ್ಟಿ, ಚರ್ಚಿಗೆ ಹೋಗುವವರಂತೆ ಬಂದಿದ್ದರು. ಎಲೆಯಡಿಕೆ ಮಾತ್ರ ಹಾಕಿರಲಿಲ್ಲ. ಬಾಯಿ ಒಣಗುತ್ತಿದೆ ಎಂದು ನನ್ನ ಹತ್ತಿರ ಎರಡು ಸಲ ನೀರು ಕೇಳಿದರು.

ಅವರಿಗಿಂತ ಮೊದಲು ಮಾತಾಡಿದವರು ಇಂಗ್ಲಿಷಿನಲ್ಲಿ ಅಂಕಿಗಳನ್ನು ಓದಿದರು, ಒಬ್ಬ ಕೂಗಾಡಿದ. ಅಕ್ಕನ ಸರದಿ ಬಂದಾಗ ಅವರು ಮೈಕಿನ ಮುಂದೆ ಕೂತು ನಮ್ಮ ಭಾಷೆಯಲ್ಲೇ ಶುರು ಮಾಡಿದರು. ಆ ಹದಿನೈದು ಶಾಸಕರಲ್ಲಿ ಐದಾರು ಮಂದಿಗೆ ಚಮೊರೊ ಸರಿಯಾಗಿ ಬರುವುದಿಲ್ಲ. ಅಧ್ಯಕ್ಷರು ಒಬ್ಬ ಗುಮಾಸ್ತೆಯನ್ನು ಕರೆಸಿದರು. ಅವಳು ಆ ಶಾಸಕರ ಹಿಂದೆ ಕುರ್ಚಿ ಎಳೆದುಕೊಂಡು ಕಿವಿಯಲ್ಲಿ ಹೇಳತೊಡಗಿದಳು.

"ಶುಕ್ರವಾರ ನಾನಿಲ್ಲಿಗೆ ಬರೋದಕ್ಕೆ ಬಿಡುವು ಮಾಡ್ಕೊಟ್ಟಿದ್ದು ಸರ್ಕಾರ, ಅದಕ್ಕೆ ಮೊದಲು ಥ್ಯಾಂಕ್ಸ್" ಅಂದರು ಅಕ್ಕ. ಸಭೆ ನಕ್ಕಿತು. ಗುಮಾಸ್ತೆ ಹೇಳಿ ಮುಗಿಸಿದ ಮೇಲೆ ಆ ಐದಾರು ಜನ ತಡವಾಗಿ ನಕ್ಕರು. "ನಾನು ಸೋಮವಾರದಿಂದ ಗುರುವಾರ ಮುನ್ನೂರು ಮಕ್ಕಳಿಗೆ ಅನ್ನ ಮಾಡ್ತೀನಿ. ಗುರುವಾರ ಮಕ್ಕಳು ಎರಡನೇ ಸಲ ತಟ್ಟೆ ತರ್ತವೆ. ಮಾರನೇ ದಿನ ಶಾಲೆ ಇಲ್ಲ ಅಂತ ಅವಕ್ಕೆ ಗೊತ್ತು. ಕೆಲವು ಮಕ್ಕಳು ಅನ್ನ ಪೇಪರಲ್ಲಿ ಕಟ್ಕೊಂಡು ಹೋಗ್ತವೆ. ನಾನು ನೋಡಿಲ್ಲ ಅನ್ನೋ ಹಾಗೆ ಆ ಕಡೆ ತಿರುಗ್ತೀನಿ. ನೀವು ಹನ್ನೊಂದು ನಿಮಿಷ ಮಾತಾಡಿದ್ರಲ್ಲ, ಅದರಲ್ಲಿ ಒಂದು ನಿಮಿಷ ಈ ಶುಕ್ರವಾರದ ಮಾತು ಬಂತಾ? ನಿಮ್ಮ ಕೆಲಸ ಸಣ್ಣದು ಅಂತ ನಾನು ಹೇಳ್ತಿಲ್ಲ. ನಿಮಗೆ ಸಂಬಳ ಸಾಲ್ತಿಲ್ಲ ಅಂದ್ರೆ ನಂಬ್ತೀನಿ. ನನಗೂ ಸಾಲ್ತಿಲ್ಲ. ಮನೇಲಿ ಅಕ್ಕಿ ಕಮ್ಮಿ ಇದ್ದಾಗ ಅಡುಗೆ ಮಾಡಿದೋಳು ಕೊನೇಲಿ ಉಣ್ತಾಳೆ. ನಿಮ್ಮ ಅಮ್ಮಂದಿರೂ ಹಾಗೇ ಮಾಡಿದಾರೆ, ಅವರಲ್ಲಿ ಅರ್ಧ ಜನ ನಂಗೆ ಗೊತ್ತು. ನಮ್ಮ ಶುಕ್ರವಾರ ವಾಪಸ್ ಬರ್ಲಿ. ಮಾರನೇ ದಿನ ನಿಮ್ಮ ಸಂಬಳ ಏರಿಸ್ಕೊಳ್ಳಿ. ಆಗ ನಾನು ಬಂದು ಬೇಡ ಅನ್ನಲ್ಲ."

ಗಂಟೆ ಬಾರಿಸುವ ಮೊದಲೇ ಎದ್ದರು. ಸೇತೊ ತಲೆ ತಗ್ಗಿಸಿ ಕಾಗದದ ಮೇಲೆ ಏನೋ ಗೀಚುತ್ತಿದ್ದ. ವಿರಾಮದಲ್ಲಿ ಶಾಸಕರು ಒಬ್ಬೊಬ್ಬರೇ ಬಂದು ಹಿರಿಯಳೆಂದು ಅಕ್ಕನ ಕೈ ಮೂಗಿಗೆ ಒತ್ತಿಕೊಂಡು ಹೋದರು. ಸೇತೊನೂ ಬಂದ. "ನೀರು ಕುಡಿದ್ಯಾ ದೊಡ್ಡಮ್ಮ?" ಎಂದು ಕೇಳಿದ. "ಕುಡಿದೆ ಮಗಾ" ಅಂದರು.

ಆ ವಾರವೆಲ್ಲ ರೇಡಿಯೋದಲ್ಲಿ ಅಕ್ಕನ ದನಿ. ಕಾರಿನವರು ಅವರ ಮನೆ ಮುಂದೆ ಹಾರ್ನ್ ಹೊಡೆದು ಹೋಗುತ್ತಿದ್ದರು. ಅಂಗಡಿಯಲ್ಲಿ ಅವರಿಂದ ಅಡಿಕೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಕ್ಕ ಕಾಸನ್ನು ಗಲ್ಲಾದ ಮೇಲೆ ಇಟ್ಟು ಬಂದರು.

ಸೊಲೆದಾದ್ ಮಾತು ಬಿಟ್ಟಳು. ಫೆಬ್ರವರಿಯಲ್ಲಿ, ಅಕ್ಕತಂಗಿಯರ ತಾಯಿ ತೀರಿಕೊಂಡ ದಿನಕ್ಕೆ, ವರ್ಷದ ಜಪಸರ ಬರುತ್ತದೆ. ಅದು ನಡೆಯುವುದು ಸೊಲೆದಾದಳ ಮನೆಯಲ್ಲಿ, ನಡೆಸಿಕೊಡುವುದು ಯಾವತ್ತೂ ಅಕ್ಕ. ಆ ವರ್ಷ ಸೊಲೆದಾದ್ ಕೆಳಗಿನ ಕೇರಿಯ ಇನ್ನೊಬ್ಬ ತೇಚಾಳಿಗೆ ಹೇಳಿಕಳಿಸಿದಳು. ಹೋಗಬೇಡಿ ಎಂದು ನಾನೇ ಹೇಳಿದೆ. "ನಮ್ಮಮ್ಮನ ಜಪಸರ ದೀತಾ. ತಂಗಿ ಕರೀಲಿಲ್ಲ, ಅಮ್ಮ ಬೇಡ ಅಂದಿಲ್ವಲ್ಲ" ಎಂದು ಹೊರಟರು. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಆ ತೇಚಾ ಮೂರನೆಯ ಸಂಜೆ ಪ್ರಾರ್ಥನೆಯಲ್ಲಿ ಒಂದು ಇಡೀ ಕಂತು ಬಿಟ್ಟು ಮುಂದೆ ಹೋದಳು. ಅಕ್ಕ ಮನೆಗೆ ಬರುವಾಗ ಕಾರಿನಲ್ಲಿ ಆ ಕಂತನ್ನು ಮೆಲ್ಲಗೆ ತಾವೇ ಹೇಳಿಕೊಂಡರು. ನಾನು ಗಾಡಿಯನ್ನು ಸ್ವಲ್ಪ ನಿಧಾನ ಮಾಡಿದೆ.

ಅದೇ ತಿಂಗಳ ಕೊನೆಯಲ್ಲಿ ಮಸೂದೆ ಮತಕ್ಕೆ ಬಂತು. ಅದನ್ನು ಅಷ್ಟಿಷ್ಟು ತಿದ್ದಿದ್ದರು: ಏರಿಕೆ ರದ್ದಿಲ್ಲ, ಆದರೆ ಐದು ದಿನದ ವಾರ ಮರಳಿ ಬರುವ ತನಕ ತಡೆ. ಎಂಟು ಓಟು ಪರ, ಏಳು ವಿರೋಧ. ಆ ಸಂಜೆ ಟಿವಿಯಲ್ಲಿ ಸುದ್ದಿ ಬರುವುದಕ್ಕೆ ಮೊದಲೇ ಸೇತೊನ ಫೋನು ಬಂತು.

"ದೊಡ್ಡಮ್ಮ, ನಾನು ವಿರೋಧ ಹಾಕಿದೆ. ನಂಗೆ ಆ ಸಂಬಳ ಬೇಕಿತ್ತು. ಸುಳ್ಳು ಹೇಳೋಕೆ ಇಷ್ಟ ಇಲ್ಲ."

"ಆಯ್ತು ಮಗಾ. ಊಟ ಮಾಡಿದ್ಯಾ?"

ಮಾರನೆಯ ದಿನ ಅಡುಗೆಮನೆಯಲ್ಲಿ ನಾವೆಲ್ಲ ಗೆದ್ದವರ ಹಾಗೆ ಓಡಾಡಿದೆವು. ಯಾರೋ ಬಾಳೆಹಣ್ಣಿನ ಬೋಂಡ ಕರಿದು ತಂದಿದ್ದರು. ಅಕ್ಕ ಒಂದು ಬೋಂಡವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು, ತಿನ್ನಲಿಲ್ಲ. "ಏನಕ್ಕಾ?" ಅಂದೆ. "ಅವನು ಹೇಳಿದ ಒಂದು ಮಾತಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ" ಅಂದರು. ಯಾವ ಮಾತು ಎಂದು ಆಗ ನನಗೆ ಹೊಳೆಯಲಿಲ್ಲ.

ಮಾರ್ಚಿನಲ್ಲಿ ಮೀನುಗಾರ ಫೆಲಿಪೆ ಅಜ್ಜ ತೀರಿಕೊಂಡರು. ಮಗಳು ಲೂರ್ದೆಸ್ ಅಕ್ಕನನ್ನೇ ಕರೆಸಿದಳು. ನಾಲ್ಕನೆಯ ಸಂಜೆ ಜಪಸರ ಮುಗಿದು, ಜನ ಹೊರಗಿನ ಚಪ್ಪರದಲ್ಲಿ ಊಟಕ್ಕೆ ಕೂತಿದ್ದರು. ಒಳಗಿನ ಮೇಜಿನ ಮೇಲೆ ಮುಯ್ಯಿಯ ಲಕೋಟೆಗಳ ಪೆಟ್ಟಿಗೆ. ಲೂರ್ದೆಸಳ ತಮ್ಮಂದಿರು ಅವನ್ನು ಬಿಡಿಸಿ ಯಾರದು ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಕೊಟ್ಟವರ ಮನೆಯಲ್ಲಿ ಮುಂದೆ ಸಾವೋ ಮದುವೆಯೋ ಆದಾಗ ಅಷ್ಟು ತೀರಿಸಬೇಕಲ್ಲ. ಅಕ್ಕ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಶಾಸಕರು ಬಂದಿದ್ದೂ ಹೋಗಿದ್ದೂ ಹತ್ತು ನಿಮಿಷದಲ್ಲಿ ಮುಗಿದಿತ್ತು. ಆ ಸಂಜೆ ಅವರಿಗೆ ಇನ್ನೂ ಮೂರು ಮನೆ ಇತ್ತು.

ತಮ್ಮಂದಿರಲ್ಲಿ ಒಬ್ಬ ಒಂದು ಲಕೋಟೆ ಎತ್ತಿ ಹಿಡಿದ. "ಇದು ನಮ್ಮ ಸೇತೊಂದು. ಇಪ್ಪತ್ತೇ ಡಾಲರ್. ಸಂಬಳ ಏರ್ಲಿಲ್ಲ ಅಂತ ಸತ್ತೋರ ಮೇಲೆ ಕೋಪ ತೀರಿಸ್ಕೊಂಡವ್ನೆ."

ಎಲ್ಲರೂ ನಕ್ಕರು. ಆಮೇಲೆ ಅಕ್ಕ ಅಲ್ಲಿರುವುದು ಕಂಡು ನೋಟ್‌ಬುಕ್ಕಿನ ಕಡೆ ಬಗ್ಗಿದರು. ಅಕ್ಕ ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿ, "ಹೋಗೋಣ" ಅಂದರು. ಮನೆ ಮುಂದೆ ಇಳಿಯುವಾಗ ಹೇಳಿದರು: "ಅವತ್ತು ಸಂಬಳ ಬೇಡ ಅಂತ ನಾನು ಹೇಳಿದಾಗ ಇವರೇ ಚಪ್ಪಾಳೆ ತಟ್ಟಿದ್ದು."

ಐದನೆಯ ಸಂಜೆ ಜಪಸರದ ಕೊನೆಯ ಆಮೆನ್ ಆದ ಮೇಲೆ ಜನ ಏಳಬೇಕು ಅನ್ನುವಾಗ ಅಕ್ಕ ಕೂತಲ್ಲೇ ಕೈ ಎತ್ತಿದರು. ಪ್ರಾರ್ಥನೆಯ ಮನೆಯಲ್ಲಿ ಬೇರೆ ಮಾತಾಡಿದವರಲ್ಲ ಅವರು. ಹಾಗಾಗಿ ಎಲ್ಲರೂ ಮತ್ತೆ ಕೂತರು.

"ಒಂದು ಮಾತು. ನಾನು ತೇಚಾ ಆಗಿ ಬರೋ ಮನೆಗಳಿಗೆ ಮಾತ್ರ ಇದು. ಇವತ್ತಿಂದ ಗವರ್ನರ್, ಶಾಸಕರು, ಊರಿನ ಮೇಯರ್, ಯಾರೇ ಬರ್ಲಿ, ಕೂತು ಪ್ರಾರ್ಥನೆ ಹೇಳ್ಲಿ, ಊಟ ಮಾಡ್ಲಿ. ಕವರ್ ಕೊಟ್ರೆ ವಾಪಸ್ ಕೊಡಿ. ನಾವು ಈ ಕೈಲಿ ಅವರ ಕವರ್ ತಗೊಂಡು ಆ ಕೈಲಿ ಅವರ ಸಂಬಳ ತಡೆಹಿಡಿದ್ರೆ ಆಗಲ್ಲ. ಎರಡೂ ಬೇಡ ಅನ್ನೋಣ."

ಲೂರ್ದೆಸ್ ಎದ್ದು ನಿಂತಳು. ಅವಳ ಕಣ್ಣು ಅಪ್ಪ ಸತ್ತ ದಿನದಿಂದ ಊದಿಕೊಂಡೇ ಇತ್ತು.

"ಅಕ್ಕಾ, ಮುಯ್ಯಿ ನಮ್ಮ ಪದ್ಧತಿ. ನಮ್ಮಪ್ಪ ಈ ಊರಿನ ಪ್ರತಿ ಸಾವಿನ ಮನೆಗೂ ಮೀನು ಹೊತ್ಕೊಂಡು ಹೋಗಿದಾರೆ. ಅದನ್ನ ಬೇಡ ಅನ್ನೋಕೆ ನೀವ್ಯಾರು?"

"ನಿಮ್ಮಪ್ಪನ ಮೀನು ನಾನೂ ತಿಂದಿದೀನಿ. ತಿಂದೋರೆಲ್ಲ ತೀರಿಸ್ಲಿ, ತೀರಿಸ್ಲೇಬೇಕು. ಸೇತೊ ಊರಿನ ಹುಡುಗ, ಅವನು ಮೀನು ತಂದುಕೊಡ್ಲಿ, ಚಪ್ಪರ ಕಟ್ಲಿ. ನಿನ್ನೆ ಕವರ್ ಇಟ್ಟು ಹೋದ ಆ ಉತ್ತರ ದಿಕ್ಕಿನ ಊರಿನ ಶಾಸಕ ನಿಮ್ಮಪ್ಪನ ಮೀನು ಯಾವಾಗ ತಿಂದಿದ್ದ? ಅವನು ಕೊಟ್ಟಿದ್ದು ಮುಯ್ಯಿ ಅಲ್ಲಮ್ಮ. ನೀನು ಅದನ್ನ ತೀರಿಸೋದು ಓಟಲ್ಲಿ."

"ಶವಪೆಟ್ಟಿಗೆ ದುಡ್ಡು ಯಾರು ಕೊಡ್ತಾರೆ? ಒಂಬತ್ತು ದಿನ ಇಷ್ಟು ಜನಕ್ಕೆ ಊಟ ಯಾರು ಹಾಕ್ತಾರೆ? ನನ್ನ ಗಂಡಂದೂ ನಾಲ್ಕೇ ದಿನದ ಸಂಬಳ" ಎಂದಳು ಲೂರ್ದೆಸ್.

ಅಕ್ಕ ಜಪಸರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ನೀನು ಹೇಳೋದು ನಿಜ" ಅಂದರು. "ಪೆಟ್ಟಿಗೆಗೆ ನನ್ನ ಹತ್ರ ದುಡ್ಡಿಲ್ಲ. ಅನ್ನ ನಾನು ಮಾಡ್ಕೊಡ್ತೀನಿ. ಕವರ್ ಬೇಡ ಅಂದ ಮನೆಗೆ ಒಂಬತ್ತು ದಿನವೂ ಅನ್ನ ನಂದು."

ಲೂರ್ದೆಸ್ ಒಪ್ಪಲಿಲ್ಲ. ಉಳಿದ ನಾಲ್ಕು ಸಂಜೆಯೂ ಪೆಟ್ಟಿಗೆ ಮೇಜಿನ ಮೇಲೆಯೇ ಇತ್ತು. ಸತ್ತವರಿಗೆ ಕೊಟ್ಟ ಮಾತೆಂದು ಅಕ್ಕ ಒಂಬತ್ತನ್ನೂ ಮುಗಿಸಿಕೊಟ್ಟರು. ಆಮೇಲೆ ಊರಿನಲ್ಲಿ ಮಾತು ಕೆಟ್ಟಿತು. ಶಾಸಕರನ್ನು ಬೈದಾಗ ಹಾರ್ನ್ ಹೊಡೆದವರೇ ಈಗ, ರೇಡಿಯೋಗೆ ಬಂದ ಮೇಲೆ ತಲೆ ತಿರುಗಿದೆ ಅಂದರು. ಮಕ್ಕಳಿಲ್ಲದವಳಿಗೆ ಮುಯ್ಯಿಯ ಬೆಲೆ ಏನು ಗೊತ್ತು ಎಂದು ಕೂಡ ಅಂದರು. ಅದು ಅವರ ಕಿವಿಗೆ ಬಿದ್ದ ದಿನ ಅವರು ಅನ್ನದ ಪಾತ್ರೆಯನ್ನು ಎರಡು ಸಲ ಉಜ್ಜಿದರು. ಆ ಬೇಸಗೆಯಲ್ಲಿ ಮೂರು ಮನೆಯವರು ಬೇರೆ ತೇಚಾಗಳನ್ನು ಕರೆಸಿದರು. ಸಂಜೆ ಅಕ್ಕ ವರಾಂಡದಲ್ಲಿ ಸುಮ್ಮನೆ ಕೂತಿರುವುದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಜೂನ್ ತಿಂಗಳಲ್ಲಿ ಗುಡ್ಡದ ಮೇಲಿನ ಒಬ್ಬ ವಿಧವೆ ಬಂದಳು. ಗಂಡನದು ದೊಡ್ಡ ನೆಂಟರ ಬಳಗವಲ್ಲ, ಶಾಸಕರು ಹೇಗೂ ಬರುವುದಿಲ್ಲ, ಆದ್ದರಿಂದ ತನಗೇನೂ ನಷ್ಟವಿಲ್ಲ ಎಂದು ನೇರವಾಗಿ ಹೇಳಿದಳು. ಅಕ್ಕ ಒಂಬತ್ತು ದಿನ ಅನ್ನ ಮಾಡಿದರು, ನಾನು ಪಾತ್ರೆ ಹೊತ್ತೆ. ಆಗಸ್ಟಿನಲ್ಲಿ ಇನ್ನೊಂದು ಮನೆ. ಅದು ದೊಡ್ಡ ಕುಟುಂಬ, ಹಿರಿಯ ಮಗ ಪೊಲೀಸ್. ಅವನು ಬಾಗಿಲಲ್ಲೇ ನಿಂತು ಲಕೋಟೆಗಳನ್ನು ನಗುನಗುತ್ತ ವಾಪಸ್ ಮಾಡಿದ.

ಆ ಮನೆಗೆ ಸೇತೊ ಬಂದಿದ್ದ. ಲಕೋಟೆ ಜೇಬಿಗೆ ವಾಪಸ್ ಹೋದ ಮೇಲೆ ಅವನಿಗೆ ಕೈ ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ಕೂತ. ಇಡೀ ಜಪಸರಕ್ಕೆ ಕೂತ. ಶಾಸಕನಾದ ಮೇಲೆ ಅವನು ಒಂದು ಜಪಸರಕ್ಕೆ ಪೂರ್ತಿ ಕೂತದ್ದು ಅದೇ ಮೊದಲು ಎಂದು ಆಮೇಲೆ ಹೇಳಿದ. "ದೊಡ್ಡಮ್ಮ, ಹಳೇ ಪ್ರಾರ್ಥನೆ ಅರ್ಧ ಮರ್ತೇ ಹೋಗಿದೆ ನಂಗೆ." ಆಗ ಅಕ್ಕ, "ಬಾಯಿ ಆಡಿಸ್ತಾ ಇರು, ಬರುತ್ತೆ" ಅಂದರು.

ನವೆಂಬರಿನ ಚುನಾವಣೆಯಲ್ಲಿ ಸೇತೊ ಸೋತ. ತೊಂಬತ್ತು ಓಟಿನಿಂದ. ಏರಿಕೆಯ ಪರ ಇದ್ದವರಲ್ಲಿ ಐದು ಜನ ಸೋತರು. ಗೆದ್ದವರಲ್ಲಿ ಇಬ್ಬರು ಹೋಟೆಲ್ ಮಾಲೀಕರು.

ಮಾರನೆಯ ದಿನ ಬುಧವಾರ. ಕೆಲಸ ಮುಗಿಸಿ ಅಕ್ಕನನ್ನು ಮನೆಗೆ ಬಿಟ್ಟು, ನಾನು ಇನ್ನೂ ಅಂಗಳದಲ್ಲೇ ಇದ್ದಾಗ ಸೊಲೆದಾದಳ ಕಾರು ಬಂತು. ಒಂಬತ್ತು ತಿಂಗಳ ಮೇಲೆ ಅವಳು ಆ ಅಂಗಳಕ್ಕೆ ಕಾಲಿಟ್ಟಿದ್ದು. ಕೂರಲಿಲ್ಲ.

"ಈಗ ನೆಮ್ಮದಿ ಆಯ್ತಾ ನಿಂಗೆ?"

"ಇಲ್ಲ" ಅಂದರು ಅಕ್ಕ. "ನಾನು ಅವನಿಗೇ ಓಟ್ ಹಾಕಿದೆ."

ಸೊಲೆದಾದ್ ಅವರ ಮುಖವನ್ನೇ ನೋಡಿದಳು. ಅಕ್ಕ ಸುಳ್ಳು ಹೇಳುವವರಲ್ಲ ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರಿದ್ದರು?

"ಅವನ ಸಂಬಳ ಬೇಡ ಅಂದೋಳು ನೀನು. ಮತ್ತೆ ಓಟ್ ಯಾಕೆ?"

"ತಪ್ಪು ಮಾಡ್ದಾಗ ಫೋನ್ ಮಾಡಿ ಹೇಳಿದ. ಅಂಥೋರು ಅಲ್ಲಿ ಇನ್ಯಾರಿದಾರೆ?"

"ಹಾಗಾದ್ರೆ ಹಾಕದೇ ಇದ್ದೋರು ಯಾರು?"

"ಅವನ ಕವರ್ ತಗೊಂಡು ಇಪ್ಪತ್ತೇನಾ ಅಂದ್ರಲ್ಲ, ಅವರನ್ನ ಕೇಳು."

ಸೊಲೆದಾದ್ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅತ್ತಳು, ಹೆಚ್ಚು ಹೊತ್ತೇನಲ್ಲ. ಮೂಗು ಒರೆಸಿಕೊಂಡು, "ಎಲೆ ಇದ್ರೆ ಕೊಡು" ಅಂದಳು. ಅಕ್ಕ ಒಳಗಿಂದ ಎಲೆ, ಸುಣ್ಣ, ಅಡಿಕೆ ತಂದರು. ಇಬ್ಬರೂ ಪಕ್ಕಪಕ್ಕ ಕೂತು ಜಗಿಯತೊಡಗಿದ ಮೇಲೆ ನಾನು ಕಾರು ಸ್ಟಾರ್ಟ್ ಮಾಡಿದೆ.

ಸೇತೊ ಜನವರಿಯಲ್ಲಿ ಟೆಲಿಫೋನ್ ಕಂಪನಿಗೆ ವಾಪಸ್ ಹೋದ. ಅವನಿಗೆ ಹಿಂದಿನ ವರ್ಷಕ್ಕಿಂತ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ಹೆಂಡತಿ ಹೇಳಿದಳು. ಐದು ದಿನದ ವಾರ ಫೆಬ್ರವರಿಯಲ್ಲಿ ಮರಳಿತು, ಅದರ ಜೊತೆಗೇ ಶಾಸಕರ ಏರಿಕೆಯೂ ಜಾರಿಗೆ ಬಂತು. ಪತ್ರಿಕೆಯವನೊಬ್ಬ ಅಡುಗೆಮನೆಗೇ ಬಂದು, ಏರಿಕೆಗೆ ಈಗ ಏನಂತೀರಿ ಎಂದು ಅಕ್ಕನನ್ನು ಕೇಳಿದ. "ಆಗ್ಲಿ, ದುಡೀಲಿ" ಅಂದರು. ಅವನು ಇನ್ನೇನಾದರೂ ಹೇಳುತ್ತಾರೆಂದು ಪೆನ್ನು ಹಿಡಿದು ನಿಂತ. ಅಕ್ಕ ಅವನಿಗೆ ಒಂದು ತಟ್ಟೆ ಊಟ ಕೊಟ್ಟರು.

ಶಾಸಕರ ಲಕೋಟೆ ಬೇಡವೆಂದ ಮನೆಗಳು ಇವತ್ತಿನವರೆಗೆ ಹನ್ನೊಂದು. ನಮ್ಮಂಥ ಊರಿಗೆ ಅದು ಹೆಚ್ಚೋ ಕಡಿಮೆಯೋ ನಾನು ಹೇಳಲಾರೆ. ಅಕ್ಕ ಶಾಲೆಯ ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾಯಿತು. ಹೋದ ತಿಂಗಳು ಕೆಳಗಿನ ಕೇರಿಯಲ್ಲಿ ಒಂದು ಸಾವಾಯಿತು, ನನ್ನ ಕಾರು ಗ್ಯಾರೇಜಿನಲ್ಲಿತ್ತು. ಅನ್ನದ ದೊಡ್ಡ ಪಾತ್ರೆಯನ್ನು ಸೊಲೆದಾದಳ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟು, ಉರುಳದ ಹಾಗೆ ನಾನು ಅದನ್ನು ತಬ್ಬಿಕೊಂಡು ಕೂತೆ.

"ಸೀಟೆಲ್ಲ ಹಬೆ, ಅಕ್ಕಾ. ಈ ವಾಸನೆ ಒಂದು ವಾರ ಹೋಗಲ್ಲ" ಎಂದು ಸೊಲೆದಾದ್ ದಾರಿಯುದ್ದಕ್ಕೂ ಗೊಣಗಿದಳು.

"ಮೆಲ್ಲಗೆ ಓಡ್ಸು, ಮುಂದೆ ಹಳ್ಳ ಇದೆ" ಅಂದರು ಅಕ್ಕ.